ಬ್ಯಾಟರಿ ಚಾಲಿತ ತೋಟದ ಟ್ರ್ಯಾಕ್ಟರ್: ವಿದ್ಯುತ್ ದೋಷ ಪತ್ತೆ ಹೇಗೆ?

ಡೀಸೆಲ್ ಬದಲು ಬ್ಯಾಟರಿಯಿಂದ ನಡೆಯುವ ತೋಟದ ಟ್ರ್ಯಾಕ್ಟರ್ ಹೊಸ ಕಲ್ಪನೆಯೇನಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು 1969ರಲ್ಲಿಯೇ ‘ಎಲೆಕ್-ಟ್ರಾಕ್’ ಹೆಸರಿನ, 36 ವೋಲ್ಟ್‌ನ ಇಂತಹ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ಭಾರತದಲ್ಲಿ ಸೋನಾಲಿಕಾ ಸಂಸ್ಥೆಯ ‘ಟೈಗರ್ ಎಲೆಕ್ಟ್ರಿಕ್’ 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರಿಗೆ ಬ್ಯಾಟರಿ ಎಂದರೆ ಮೊದಲು ನೆನಪಾಗುವುದು ಬೆನ್ನಿಗೆ ಕಟ್ಟಿಕೊಳ್ಳುವ ಔಷಧಿ ಸಿಂಪರಣಾ ಯಂತ್ರ. ಅದು ಕೆಟ್ಟರೆ ಒಂದು ದಿನದ ಕೆಲಸ ನಿಲ್ಲುತ್ತದೆ. ಟ್ರ್ಯಾಕ್ಟರ್ ಕೆಟ್ಟರೆ ಹಾಗಲ್ಲ. ಮಳೆಯಾಶ್ರಿತ ಶೇಂಗಾ ಹೊಲದಲ್ಲಿ ಹದ ಉಳಿಯುವುದು ಕೆಲವೇ ದಿನ. ಡೀಸೆಲ್ ಎಂಜಿನ್ ಬಿಚ್ಚಬಲ್ಲ ಮೆಕ್ಯಾನಿಕ್ ಹತ್ತಿರದ ಊರಿನಲ್ಲೇ ಸಿಗುತ್ತಾನೆ, ಡಿ.ಸಿ. ಮೋಟಾರ್ ಮತ್ತು ಕಂಟ್ರೋಲರ್ ಬಲ್ಲವರು ವಿರಳ. ಹೀಗಾಗಿ ದೋಷ ಎಲ್ಲಿದೆ ಎಂದು ತಿಳಿಯದೆ ಇಡೀ ಬ್ಯಾಟರಿ ಸೆಟ್ ಬದಲಾಯಿಸಿ ಹಣ ಕಳೆದುಕೊಳ್ಳುವ ಅಪಾಯವಿದೆ.

ಮುನ್ನೆಚ್ಚರಿಕೆ

ಪರೀಕ್ಷೆಗೆ ಮುನ್ನ ಉಂಗುರ, ಕೈಗಡಿಯಾರ ತೆಗೆದಿಡಬೇಕು. ವೋಲ್ಟೇಜ್ ಕಡಿಮೆಯಿದ್ದರೂ ಸ್ಪ್ಯಾನರ್ ಎರಡು ಧ್ರುವಗಳಿಗೆ ತಗುಲಿದರೆ ನೂರಾರು ಆಂಪಿಯರ್ ಹರಿದು ಲೋಹ ಕರಗಬಲ್ಲದು. ಚಾರ್ಜ್ ಆಗುವ ಲೆಡ್-ಆ್ಯಸಿಡ್ ಬ್ಯಾಟರಿ ಜಲಜನಕ ಹೊರಬಿಡುವುದರಿಂದ ಬಳಿಯಲ್ಲಿ ಬೀಡಿ, ಬೆಂಕಿ ಸಲ್ಲದು. ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸುವುದು ಕ್ಷೇಮ.

ಎಲ್ಲಿಂದ ಆರಂಭ?

ಮೊದಲ ಅನುಮಾನ ಮೋಟಾರಿನ ಮೇಲೆ ಹೋಗುವುದು ಸಹಜ. ವಾಸ್ತವದಲ್ಲಿ ಬಹುಪಾಲು ದೋಷಗಳು ಬ್ಯಾಟರಿ ಮತ್ತು ಅದರ ಜೋಡಣೆಯಲ್ಲಿಯೇ ಇರುತ್ತವೆ. ನಾಲ್ಕು 12 ವೋಲ್ಟ್ ಬ್ಯಾಟರಿಗಳ ಯಂತ್ರವನ್ನು ಪರಿಗಣಿಸೋಣ. ಪೂರ್ಣ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ ಬಳಿಕ ಪ್ರತಿಯೊಂದೂ ಸುಮಾರು 12.6 ವೋಲ್ಟ್ ತೋರಿಸಬೇಕು. ಈ ಅಳತೆಯೊಂದನ್ನೇ ನಂಬುವಂತಿಲ್ಲ. ಯಂತ್ರಕ್ಕೆ ಭಾರ ಕೊಟ್ಟು ಮತ್ತೆ ಅಳೆಯಬೇಕು. ಮೂರು ಬ್ಯಾಟರಿ ಸ್ವಲ್ಪವೇ ಇಳಿದು ಒಂದು ಮಾತ್ರ 9 ಅಥವಾ 10 ವೋಲ್ಟ್‌ಗೆ ಕುಸಿದರೆ ದೋಷಿ ಅದೇ. ಹೈಡ್ರೋಮೀಟರ್ ಇದ್ದರೆ ಕೋಶಗಳ ಸಾಂದ್ರತೆಯಲ್ಲಿ 0.050ಕ್ಕಿಂತ ಹೆಚ್ಚಿನ ವ್ಯತ್ಯಾಸ ಇದನ್ನು ಖಚಿತಪಡಿಸುತ್ತದೆ.

ನಂತರ ಕೇಬಲ್. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧ್ರುವದ ಮೇಲೂ ಇನ್ನೊಂದನ್ನು ಕೇಬಲ್ ತುದಿಯ ಲಗ್ ಮೇಲೂ ಇಟ್ಟು, ಭಾರದಲ್ಲಿ ಅಳೆಯಬೇಕು. ಅಲ್ಲಿ ಸೊನ್ನೆಗೆ ಹತ್ತಿರವಿರಬೇಕಾದ ಅಂಕಿ ಅರ್ಧ ವೋಲ್ಟ್ ಇದ್ದರೆ, 100 ಆಂಪಿಯರ್ ಹರಿಯುವಾಗ ಆ ಒಂದು ಜೋಡಣೆಯಲ್ಲೇ 50 ವ್ಯಾಟ್ ಶಾಖವಾಗಿ ಪೋಲಾಗುತ್ತಿರುತ್ತದೆ. ಬಿಳಿ-ಹಸಿರು ಕಿಲುಬನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ಬಿಗಿಮಾಡಿ ವ್ಯಾಸಲಿನ್ ಸವರಿದರೆ ಎಷ್ಟೋ ‘ಸತ್ತ’ ಯಂತ್ರಗಳು ಎದ್ದು ಕೂರುತ್ತವೆ. ತೊಳೆಯುವ ನೀರು ಕೋಶದೊಳಗೆ ಇಳಿಯಬಾರದು.

ಕೀಲಿ ತಿರುಗಿಸಿದರೂ ಯಂತ್ರ ಮೌನವಾಗಿದ್ದರೆ ಫ್ಯೂಸ್, ಸೀಟಿನಡಿಯ ಸ್ವಿಚ್, ಬ್ರೇಕ್ ಸ್ವಿಚ್ ನೋಡಬೇಕು. ಕಾಂಟ್ಯಾಕ್ಟರ್ ‘ಟಕ್’ ಎಂದರೂ ಚಕ್ರ ತಿರುಗದಿದ್ದರೆ ಅದರ ಸಂಪರ್ಕ ಬಿಂದುಗಳು ಸುಟ್ಟಿರಬಹುದು, ಇಲ್ಲವೇ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಕಂಟ್ರೋಲರ್ ಕೊನೆಯ ಅನುಮಾನವಾಗಿರಲಿ. ಬ್ಯಾಟರಿ ಬೇರ್ಪಡಿಸಿದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ನೀರು, ಬಿಸಿಲು, ಕರೆಂಟು

ಪಾವಗಡ ಭಾಗದ ಕೊಳವೆಬಾವಿ ನೀರಿನ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ತಿಳಿದದ್ದೇ. ಲವಣಗಳು ತುಂಬಿದ ಇಂತಹ ನೀರನ್ನು ಬ್ಯಾಟರಿಗೆ ಹಾಕಿದರೆ ಫಲಕಗಳು ಬೇಗ ಹಾಳಾಗುತ್ತವೆ. ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಬೇಕು. ಕುಡಿಯುವ ನೀರಿನ ಘಟಕದ ನೀರೂ ಅದಕ್ಕೆ ಪರ್ಯಾಯವಲ್ಲ. ಫಲಕಗಳು ಮುಳುಗಿದ್ದರೆ ಚಾರ್ಜ್ ಆದ ಬಳಿಕವೇ ನೀರು ತುಂಬಿಸಬೇಕು. ಉಷ್ಣಾಂಶ 10 ಡಿಗ್ರಿ ಹೆಚ್ಚಿದರೆ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬೇಸಿಗೆಯಲ್ಲಿ ಯಂತ್ರವನ್ನು ತಗಡಿನ ಶೆಡ್ಡಿಗಿಂತ ಮರದ ನೆರಳಿನಲ್ಲಿ ನಿಲ್ಲಿಸುವುದು ಮೇಲು.

ಪಂಪ್‌ಸೆಟ್ ಮಾರ್ಗಕ್ಕೆ ತ್ರಿಫೇಸ್ ವಿದ್ಯುತ್ ಪಾಳಿಯಲ್ಲಿ ಬರುತ್ತದೆ. ಬೋರ್‌ವೆಲ್‌ಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ. ಅಲ್ಲಿ ಚಾರ್ಜ್‌ಗೆ ಇಟ್ಟ ಬ್ಯಾಟರಿ ಅರೆಬರೆ ತುಂಬುತ್ತದೆ. ಪದೇ ಪದೇ ಹೀಗಾದರೆ ಫಲಕಗಳ ಮೇಲೆ ಸಲ್ಫೇಟ್ ಕಟ್ಟಿಕೊಂಡು ಸಾಮರ್ಥ್ಯ ಕುಗ್ಗುತ್ತದೆ. ಊರೊಳಗಿನ ನಿರಂತರ ಜ್ಯೋತಿ ಮಾರ್ಗದಲ್ಲಿ, ಅರ್ಥಿಂಗ್ ಇರುವ ಪ್ಲಗ್‌ನಿಂದ, ರಾತ್ರಿಯಿಡೀ ಚಾರ್ಜ್ ಮಾಡುವುದು ಸೂಕ್ತ.

ಲೀಥಿಯಂ ಬ್ಯಾಟರಿಯಾದರೆ ಈ ನೀರು, ಸಾಂದ್ರತೆಯ ಮಾತಿಲ್ಲ. ಯಂತ್ರ ಹಠಾತ್ತನೆ ನಿಂತರೆ ಒಳಗಿನ ರಕ್ಷಣಾ ಮಂಡಳಿ ಸಂಪರ್ಕ ಕಡಿದಿರುವ ಸಾಧ್ಯತೆಯೇ ಹೆಚ್ಚು. ತಣ್ಣಗಾಗಲು ಬಿಟ್ಟು ಚಾರ್ಜರ್ ಜೋಡಿಸಿ ನೋಡಬಹುದು. ಊದಿಕೊಂಡಿದ್ದರೆ ಚಾರ್ಜ್ ಮಾಡದೆ, ಬಿಚ್ಚದೆ ಮಾರಾಟಗಾರರಿಗೆ ಒಪ್ಪಿಸಬೇಕು.