ಕೆರೆ ತುಂಬಿದಾಗ ದ್ರಾಕ್ಷಿ ಇರೋದಿಲ್ಲ

ಪುಣೆಯಲ್ಲಿರೋ ಕನ್ನಡಿಗರ ಮನೆಗಳಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ಶನಿವಾರ ಭಾನುವಾರ ಗಂಡ ಹೆಂಡತಿ ಇಬ್ಬರೇ ನಾಸಿಕಕ್ಕೆ ಹೊರಟಾಗ ಊರಿನಿಂದ ಫೋನ್ ಬಂದು "ಎಲ್ಲಿಗೆ ಹೊರಟ್ರಿ?" ಅಂತ ಕೇಳಿದರೆ, "ತ್ರ್ಯಂಬಕೇಶ್ವರಕ್ಕೆ" ಅನ್ನೋದು. ಪೂರ್ತಿ ಸುಳ್ಳೂ ಅಲ್ಲ ಅದು. ನಾಸಿಕದಿಂದ ತ್ರ್ಯಂಬಕದ ಕಡೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಸರಿದರೆ ಗಂಗಾಪುರ ಜಲಾಶಯ. ಅದರ ಸುತ್ತಮುತ್ತ ದ್ರಾಕ್ಷಿ ತೋಟಗಳು, ತೋಟಗಳ ನಡುವೆ ವೈನರಿಗಳು. ಜ್ಯೋತಿರ್ಲಿಂಗ ಮತ್ತು ವೈನ್ ಗ್ಲಾಸು ಎರಡನ್ನೂ ಒಂದೇ ದಿನದಲ್ಲಿ ನೋಡಿಕೊಂಡು ಬರಬಹುದಾದ ಊರು ದೇಶದಲ್ಲಿ ಇನ್ನೊಂದಿರಲಾರದು. ಊರಿಗೆ ಅರ್ಧ ಸತ್ಯ ಹೇಳಿ, ಉಳಿದರ್ಧವನ್ನು ನಾವು ಇಟ್ಟುಕೊಳ್ಳುತ್ತೇವೆ ಅಷ್ಟೆ.

ಈ ಎರಡು ದಿನದ ತಿರುಗಾಟ ಹೇಗೆ ಮಾಡಬೇಕು ಅಂತ ಕೇಳುವವರಿಗೆ ಹೋಟೆಲಿನ ಹೆಸರು ಹೇಳಿ ಮುಗಿಸಬಹುದು. ಆದರೆ ಯಾವ ತಿಂಗಳು ಹೋಗಬೇಕು ಅನ್ನುವ ಮೊದಲ ಪ್ರಶ್ನೆಗೇ ಉತ್ತರ ಹೇಳಬೇಕಾದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಕೆರೆಯ ವಿಷಯ. ನಾಸಿಕದ ಸುತ್ತ ಕಾಣುವ ನೀರಿನ ಹರಹುಗಳನ್ನೆಲ್ಲ ಪ್ರವಾಸಿಗರು 'ಲೇಕ್' ಅಂತಾರೆ. ಹೆಸರಾದ ಹರಹುಗಳಲ್ಲಿ ದೇವರು ಮಾಡಿದ್ದು ಒಂದೂ ಇಲ್ಲ. ಎಲ್ಲಾ ಅಣೆಕಟ್ಟೆಯ ಹಿನ್ನೀರು. ಹತ್ತೊಂಬತ್ತನೇ ಶತಮಾನದ ಕೊನೆಯ ಬರಗಾಲಗಳಲ್ಲಿ ದಖ್ಖನ್ ತತ್ತರಿಸಿದ ಮೇಲೆ ಬ್ರಿಟಿಷರು ಗೋದಾವರಿಯ ಮೇಲ್ಭಾಗಕ್ಕೆ ಕೈ ಹಾಕಿದರು. ನಾಂದೂರ ಮಧ್ಮೇಶ್ವರದಲ್ಲಿ ಒಂದು ಒಡ್ಡು, ಅದಕ್ಕೆ ನೀರೂಡಿಸಲು 1916ರಲ್ಲಿ ಮುಗಿದ ದಾರಣಾ ಅಣೆಕಟ್ಟು, ಅಲ್ಲಿಂದ ಕೆಳಗೆ ಕೋಪರ್‌ಗಾಂವ್ ಕಡೆಗೆ ಕಾಲುವೆಗಳು. ಆ ನೀರು ಕಬ್ಬಾಯಿತು, ಸಕ್ಕರೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ಗಂಗಾಪುರ ಬಂತು. 1965ರಲ್ಲಿ ಪೂರ್ಣಗೊಂಡ, ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಮಣ್ಣಿನ ಕಟ್ಟೆ ಅದು. ಮೇಲೆ ನಿಂತು ನೋಡಿದರೆ ನಮ್ಮ ಕಡೆಯ ದೊಡ್ಡ ಕೆರೆ ಏರಿಯ ಹಾಗೇ ಕಾಣುತ್ತದೆ, ಕಾಂಕ್ರೀಟಿನ ಗರ್ವ ಇಲ್ಲ. ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಗಡಿಯಾಗಿ ಹೆಸರಿಸಿದ ಗೋದಾವರಿ ಇದೇ. ಹುಟ್ಟಿದ ಬ್ರಹ್ಮಗಿರಿಯಿಂದ ಇಲ್ಲಿಗೆ ಕೂಗಳತೆಗಿಂತ ಸ್ವಲ್ಪ ಹೆಚ್ಚು ದೂರ, ಅಷ್ಟರಲ್ಲೇ ಅವಳನ್ನು ಹಿಡಿದು ನಿಲ್ಲಿಸಿದ್ದಾರೆ. ನಾಸಿಕ ಪಟ್ಟಣದ ಕುಡಿಯುವ ನೀರಿಗೆ ಮುಖ್ಯ ಆಧಾರ ಈ ಜಲಾಶಯ. ಹೊಲಗಳಿಗೂ ಇದೇ.

ದ್ರಾಕ್ಷಿ ಬೇರೆ ಕತೆ. ಅದು ಇಲ್ಲಿ ತಿನ್ನುವ ಹಣ್ಣಾಗಿ ಬಂದದ್ದು, ಕುಡಿಯುವುದಕ್ಕಲ್ಲ. ವಿಜಾಪುರ, ತಿಕೋಟಾ ಕಡೆಯವರಿಗೆ ಥಾಮ್ಸನ್ ಸೀಡ್‌ಲೆಸ್ ಬಳ್ಳಿಯ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ನಾಸಿಕದ ನಿಫಾಡ, ದಿಂಡೋರಿ ತಾಲೂಕುಗಳಲ್ಲೂ ಅದೇ ಬಳ್ಳಿ ಸಿರಿ ತಂದದ್ದು. ಓಝರ್ ಹತ್ತಿರ ವಾಘಾಡ ಅಣೆಕಟ್ಟಿನ ಕಾಲುವೆಯ ತುದಿಯ ರೈತರಿಗೆ ನೀರು ತಲುಪುತ್ತಲೇ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಅವರು ತಾವೇ ನೀರು ಬಳಕೆದಾರರ ಸಂಘ ಕಟ್ಟಿಕೊಂಡು, ಸರ್ಕಾರದಿಂದ ನೀರನ್ನು ಅಳತೆಯ ಮೇಲೆ ಕೊಂಡು, ಹಂಚಿಕೊಳ್ಳಲು ಶುರುಮಾಡಿದರು. ಅಳೆದು ಕೊಂಡ ನೀರನ್ನು ಯಾರೂ ಹಾಗೇ ಹರಿಯಬಿಡೋದಿಲ್ಲ. ಹನಿ ನೀರಾವರಿ ಬಂತು, ದ್ರಾಕ್ಷಿ ಹಬ್ಬಿತು. ಅಂದ ಹಾಗೆ ಈ ಓಝರ್‌ನಲ್ಲೇ ಎಚ್‌ಎಎಲ್ 1964ರಲ್ಲಿ ಮಿಗ್ ವಿಮಾನದ ಕಾರ್ಖಾನೆ ಶುರುಮಾಡಿದ್ದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕಂಪನಿ. ಹಾಗಾಗಿ ಈ ದ್ರಾಕ್ಷಿ ಸೀಮೆಯಲ್ಲಿ ಕನ್ನಡ ಕೇಳಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ವೈನ್ ಶುರುವಾದದ್ದು ನಾಸಿಕದಲ್ಲಲ್ಲ, ಪುಣೆಯಿಂದ ನಾಸಿಕಕ್ಕೆ ಹೋಗುವ ದಾರಿಯಲ್ಲೇ ಸಿಗುವ ನಾರಾಯಣಗಾಂವ್‌ನಲ್ಲಿ ಅಂದರೂ ತಪ್ಪಿಲ್ಲ. ತಮಾಷಾ ಕಲಾವಿದೆ ವಿಠಾಬಾಯಿ ನಾರಾಯಣಗಾಂವ್ಕರ್ ಅವರ ಊರು. 1980ರ ದಶಕದಲ್ಲಿ ಶ್ಯಾಮರಾವ್ ಚೌಗುಲೆ ಎಂಬ ಉದ್ಯಮಿ ಫ್ರೆಂಚ್ ತಜ್ಞರ ನೆರವು ಪಡೆದು ಇಲ್ಲಿ ನೊರೆ ಬರುವ ವೈನ್ ಮಾಡಿದರು. ಶಾಂಪೇನ್ ಮಾಡುವ ಪದ್ಧತಿಯೇ. ಹೊರದೇಶದಲ್ಲಿ ಅದು ಮಾರಾಟವಾದದ್ದು ಒಮರ್ ಖಯ್ಯಾಮ್ ಹೆಸರಿನಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಬುಡದಲ್ಲಿ, ಕನ್ವಲ್ ಗ್ರೋವರ್ ಫ್ರಾನ್ಸಿನ ಬಳ್ಳಿಗಳನ್ನು ನೆಟ್ಟು ನೋಡುತ್ತಿದ್ದರು. ಆಗ ಈ ಇಬ್ಬರನ್ನೂ ಜನ ವಿಚಿತ್ರವಾಗಿ ನೋಡಿದ್ದರೆ ಅದು ಸಹಜ. ದ್ರಾಕ್ಷಿ ಅಂದರೆ ಗೊಂಚಲು ಇಲ್ಲವೇ ಒಣದ್ರಾಕ್ಷಿ ಅನ್ನುವ ನಾಡು ಇದು.

ನಾಸಿಕಕ್ಕೆ ವೈನ್ ಬಳ್ಳಿ ಬಂದದ್ದು 1990ರ ದಶಕದ ಕೊನೆಗೆ. ಅಮೆರಿಕದಲ್ಲಿ ಓದಿ, ಅಲ್ಲಿಯ ಕಂಪ್ಯೂಟರ್ ಕಂಪನಿಯ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ ಮನೆಯವರ ಜಮೀನಿನಲ್ಲಿ ಮಾವು, ತಿನ್ನುವ ದ್ರಾಕ್ಷಿ ಬೆಳೆದು ನೋಡಿ, ಆಮೇಲೆ ವೈನ್ ಕಡೆ ತಿರುಗಿದರು. ಕ್ಯಾಲಿಫೋರ್ನಿಯಾದ ಕೆರಿ ಡ್ಯಾಮ್ಸ್ಕಿ ಸಲಹೆಗಾರ. ತಾಯಿ ಸುಲಭಾ ಅವರ ಹೆಸರಿನಿಂದ ಸುಲಾ. ಮೊದಲ ಬಾಟಲಿ ಬಂದದ್ದು 2000ದಲ್ಲಿ. ಮರುವರ್ಷವೇ, 2001ರಲ್ಲಿ, ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ವೈನ್‌ಗೆ ಅಬಕಾರಿ ರಿಯಾಯಿತಿ ಕೊಟ್ಟಿತು. ಸರ್ಕಾರ ಹಾಗೆ ಮಾಡಿದ್ದು ಕುಡಿಯುವವರ ಮೇಲಿನ ಪ್ರೀತಿಯಿಂದಲ್ಲ. ರೈತರ ದ್ರಾಕ್ಷಿಗೆ ಇನ್ನೊಂದು ಮಾರುಕಟ್ಟೆ ಬೇಕಿತ್ತು. ನಾಸಿಕದ ವಿಂಚೂರಿನಲ್ಲಿ, ಸಾಂಗ್ಲಿಯ ಪಲೂಸಿನಲ್ಲಿ ವೈನ್ ಪಾರ್ಕ್ ಅಂತ ಜಾಗ ಮೀಸಲಿಟ್ಟರು. ಕರ್ನಾಟಕ ಇಂಥದೇ ನೀತಿ ತಂದದ್ದು 2007ರಲ್ಲಿ.

2005ರಲ್ಲಿ ಸುಲಾದವರು ತೋಟದ ನಡುವೆ ರುಚಿ ನೋಡುವ ಕೋಣೆ ತೆರೆದರು. ದೇಶದಲ್ಲಿ ಅಂಥದ್ದು ಮೊದಲನೆಯದು. ನನ್ನ ಮಟ್ಟಿಗೆ ಈ ಇಡೀ ಕತೆಯ ತಿರುವು ಇದೇ, ಕಾರ್ಖಾನೆಯಲ್ಲ. ಯಾಕೆಂದರೆ ಆ ಹೊತ್ತಿಗೆ ಪುಣೆ, ಮುಂಬಯಿಯಲ್ಲಿ ಇನ್ನೊಂದು ಹೊಸ ವಸ್ತು ಹುಟ್ಟಿತ್ತು: ವೀಕೆಂಡ್. ನಮ್ಮ ತಂದೆಯ ತಲೆಮಾರಿಗೆ ಭಾನುವಾರ ಇತ್ತು, ವೀಕೆಂಡ್ ಇರಲಿಲ್ಲ. ವಾರಕ್ಕೆ ಎರಡು ದಿನ ರಜಾ, ಕೈಯಲ್ಲಿ ಸ್ವಲ್ಪ ದುಡ್ಡು, ಹತ್ತಿರದಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲದ ಗಂಡ ಹೆಂಡತಿ, ಇವು ಸಾಫ್ಟ್‌ವೇರ್ ಕಾಲ ತಂದದ್ದು. ಊರಿನಲ್ಲಿದ್ದಿದ್ದರೆ ಇಬ್ಬರೇ ಎರಡು ದಿನ ತಿರುಗಾಡಿ ಬರ್ತೀವಿ ಅನ್ನೋದಕ್ಕೆ ಮದುವೆ ಅಥವಾ ದೇವಸ್ಥಾನದ ನೆಪ ಬೇಕಾಗುತ್ತಿತ್ತು. ಪರಊರಿನ ಬಾಳಿನಲ್ಲಿ ಒಂಟಿತನ ಎಷ್ಟಿದೆಯೋ ಈ ಬಿಡುವೂ ಅಷ್ಟೇ ಇದೆ. ರುಚಿ ಕೋಣೆಯ ಮೇಜಿನಲ್ಲಿ ನಮ್ಮಂಥವರೇ ಹೆಚ್ಚು ಕಾಣುವುದು ಅದಕ್ಕೇ.

ಎಲ್ಲಾ ಏರುಗತಿಯಲ್ಲೇ ಹೋಯಿತು ಅಂತಲ್ಲ. 2008ರ ಆರ್ಥಿಕ ಕುಸಿತ, ಅದೇ ನವೆಂಬರ್‌ನ ಮುಂಬಯಿ ದಾಳಿ, ಹೋಟೆಲುಗಳು ಖಾಲಿ, ಟ್ಯಾಂಕುಗಳಲ್ಲಿ ವೈನ್ ನಿಂತುಹೋಯಿತು. ನಾರಾಯಣಗಾಂವ್‌ನ ಆ ಹಿರಿಯ ಕಂಪನಿ ಸಾಲದಲ್ಲಿ ಮುಳುಗಿತು. ವೈನ್ ದ್ರಾಕ್ಷಿ ಹಾಕಿದ್ದ ಎಷ್ಟೋ ರೈತರು ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿಗೆ ಮರಳಿದರು. ವೈನ್ ದ್ರಾಕ್ಷಿಯನ್ನು ಸಂತೆಗೆ ಒಯ್ದು ಮಾರಲಾಗದು. ಕಾಳು ಸಣ್ಣದು, ಬೀಜ ಹೆಚ್ಚು, ಕಂಪನಿ ಒಲ್ಲೆ ಅಂದರೆ ಮುಗಿಯಿತು. ಬದುಕಿ ಉಳಿದ ವೈನರಿಗಳು ಗಟ್ಟಿಯಾದವು. 2012ರಲ್ಲಿ ನಂದಿಯ ಗ್ರೋವರ್ ಮತ್ತು ನಾಸಿಕದ ಝಂಪಾ ಒಂದಾದವು. 2017ರಲ್ಲಿ ಸುಲಾ ನಮ್ಮ ಚನ್ನಪಟ್ಟಣದ ಕಡೆಯ ವೈನರಿಯೊಂದನ್ನು ಕೊಂಡುಕೊಂಡಿತು. 2022ರ ಡಿಸೆಂಬರಿನಲ್ಲಿ ಷೇರು ಮಾರುಕಟ್ಟೆಗೂ ಬಂತು.

ಈಗ ಯಾವ ತಿಂಗಳು ಹೋಗಬೇಕು ಅನ್ನೋದಕ್ಕೆ ಬರೋಣ. ನಾಸಿಕದ ಬಳ್ಳಿಗೆ ವರ್ಷಕ್ಕೆ ಎರಡು ಚಾಟನಿ, ಬೆಳೆ ಒಂದೇ. ಏಪ್ರಿಲ್ ಸುಮಾರಿಗೆ ಒಮ್ಮೆ ಬಳ್ಳಿಯನ್ನು ಮೋಟು ಮಾಡುತ್ತಾರೆ. ಮಳೆ ಹಿಂದೆ ಸರಿಯುವಾಗ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಹಣ್ಣಿಗಾಗಿ ಮತ್ತೆ ಕತ್ತರಿಸುತ್ತಾರೆ. ಕಟಾವು ಜನವರಿಯಿಂದ ಮಾರ್ಚ್. ಯುರೋಪಿನಲ್ಲಿ ಬೇಸಿಗೆಯ ಕೊನೆಗೆ ಮಾಗುವ ಹಣ್ಣು ಇಲ್ಲಿ ಚಳಿಗಾಲದಲ್ಲಿ ಮಾಗುತ್ತದೆ. ಹಗಲು ಬಿಸಿಲು, ರಾತ್ರಿ ತಂಪು, ಅದರಿಂದ ಸಿಹಿಯ ಜೊತೆ ಹುಳಿಯೂ ಉಳಿಯುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಯ ಹಾಗೆ ವರ್ಷಕ್ಕೆರಡು ಬೆಳೆ ತೆಗೆಯುವ ಮಾತಿಲ್ಲ.

ಜಲಾಶಯದ ಪಂಚಾಂಗ ಇದಕ್ಕೆ ಉಲ್ಟಾ. ಅದು ತುಂಬುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ. ಆಗ ಬೆಟ್ಟಗಳು ಹಸಿರು, ಮೋಡ ನೀರಿಗೆ ತಾಗುವ ಹಾಗೆ, ಕಣ್ಣಿಗೆ ಹಬ್ಬ. ಆದರೆ ಬಳ್ಳಿಯಲ್ಲಿ ಎಲೆ ಬಿಟ್ಟು ಏನೂ ಇಲ್ಲ. ಫೆಬ್ರವರಿಯಲ್ಲಿ ಗೊಂಚಲು ತೂಗುತ್ತಿರುತ್ತವೆ, ನೀರು ಅಷ್ಟೊತ್ತಿಗೆ ಕೆಳಗಿಳಿದು ದಡದ ಮಣ್ಣು ಕಾಣಿಸುತ್ತಿರುತ್ತದೆ. ತುಂಬಿದ ಕೆರೆ, ತುಂಬಿದ ತೋಟ ಎರಡೂ ಒಂದೇ ಚಿತ್ರದಲ್ಲಿ ಸಿಗುವುದಿಲ್ಲ. ಕೆರೆಯಿಂದ ಇಳಿದ ನೀರು ಊರಿನ ನಲ್ಲಿಗೂ, ಕಾಲುವೆಗೂ, ಈ ಗೊಂಚಲುಗಳಿಗೂ ಹೋಗಿದೆ. ಇನ್ನೂ ಒಂದು ಪಾಲು ಕೆಳಗೆ ಹೋಗಿರಬಹುದು.

ಆ ಕೆಳಗಿನ ಪಾಲಿನ ವಿಚಾರ ಕಾವೇರಿ ಜಗಳ ಕಂಡ ನಮಗೆ ಬೇಗ ಅರ್ಥವಾಗುತ್ತದೆ. ಗೋದಾವರಿಯ ಕೆಳಗೆ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟು ಇದೆ, 1976ರದು, ಮರಾಠವಾಡದ ಜೀವ. ಮೇಲೆ ನಾಸಿಕದವರು ಅಣೆಕಟ್ಟಿನ ಮೇಲೆ ಅಣೆಕಟ್ಟು ಕಟ್ಟಿದ್ದರಿಂದ ತಮಗೆ ನೀರು ಬರುತ್ತಿಲ್ಲ ಅಂತ ಅಲ್ಲಿಯವರ ದೂರು. ಎರಡೂ ಕಡೆ ಮರಾಠಿಯೇ, ಒಂದೇ ರಾಜ್ಯ, ಜಗಳ ಮಾತ್ರ ನಮ್ಮದರಂತೆಯೇ. 2014ರಲ್ಲಿ ರಾಜ್ಯದ ಜಲಸಂಪನ್ಮೂಲ ಪ್ರಾಧಿಕಾರ, ಅಕ್ಟೋಬರ್ ನಡುವಿನಲ್ಲಿ ಜಾಯಕವಾಡಿ ಶೇಕಡಾ 65ರಷ್ಟು ತುಂಬಿರದಿದ್ದರೆ ಮೇಲಿನವರು ನೀರು ಬಿಡಬೇಕು ಅಂತ ಆದೇಶಿಸಿತು. 2016ರಲ್ಲಿ ಬಾಂಬೆ ಹೈಕೋರ್ಟ್ ಮೇಲಿನಿಂದ ನೀರು ಬಿಡುವುದನ್ನು ಎತ್ತಿಹಿಡಿಯಿತು. 2015ರಲ್ಲೂ 2023ರಲ್ಲೂ ಪ್ರತಿಭಟನೆಗಳ ನಡುವೆಯೇ ನೀರು ಬಿಟ್ಟರು. ಮಳೆ ಕೈಕೊಟ್ಟ ವರ್ಷ ಹೋದರೆ ದಡದ ರೆಸಾರ್ಟಿನವರು "ಈ ಸಲ ನೀರು ಕಡಿಮೆ" ಅಂತಾರೆ. ಅದರ ಹಿಂದೆ ಇಷ್ಟಿದೆ.

ನನ್ನನ್ನು ಕೇಳಿದರೆ ಫೆಬ್ರವರಿಯ ಮೊದಲ ಎರಡು ವಾರ ಸರಿ. ನೀರು ಇನ್ನೂ ನೋಡುವಷ್ಟು ಇರುತ್ತದೆ, ಕಟಾವು ನಡೀತಿರುತ್ತದೆ. ಜನವರಿ 26ರ ರಜೆಗೆ ಹೊಂದಿಸಿಕೊಂಡು ಹೋಗುವ ಆಸೆ ಬೇಡ, ಆವತ್ತು ಮದ್ಯ ನಿಷೇಧದ ದಿನ, ರುಚಿ ನೋಡುವುದಕ್ಕೂ ಸಿಗದು. ಪುಣೆಯಿಂದ ಸುಮಾರು 210 ಕಿಲೋಮೀಟರ್. ಸ್ವಂತ ಕಾರು ಓಡಿಸಿಕೊಂಡು ಹೋಗಿ ಅಲ್ಲೇ ರಾತ್ರಿ ಉಳಿಯಿರಿ, ಇಲ್ಲವೇ ಚಾಲಕನ ಸಮೇತ ಬಾಡಿಗೆ ಗಾಡಿ ಮಾಡಿ. ಮೂರನೆಯ ದಾರಿ ಇಲ್ಲ. ದಿನಕ್ಕೆ ಎರಡು ವೈನರಿ ಸಾಕು, ಮೂರನೆಯದರಲ್ಲಿ ನಾಲಿಗೆ ಏನನ್ನೂ ಹೇಳುವುದಿಲ್ಲ. ಬಿಳಿಯದು ಮೊದಲು, ಕೆಂಪು ಆಮೇಲೆ, ಸಿಹಿ ಕೊನೆಗೆ. ಇಬ್ಬರಿಗೆ ಒಂದೇ ಟೇಸ್ಟಿಂಗ್ ತೆಗೆದುಕೊಂಡು ಹಂಚಿಕೊಂಡರೂ ಯಾರೂ ಏನೂ ಅನ್ನೋದಿಲ್ಲ. ಕುಡಿಯದೆ ಬಾಯಿ ಮುಕ್ಕಳಿಸಿ ಉಗುಳಲು ಪಾತ್ರೆಯೂ ಇರುತ್ತದೆ, ಸಂಕೋಚ ಬೇಡ.

ಬೆಳಿಗ್ಗೆ ಬೇಗ ಎದ್ದರೆ ಕಟಾವು ಕಾಣುತ್ತದೆ. ಬಿಸಿಲೇರುವ ಮುಂಚೆ ಕೊಯ್ದು ಮುಗಿಸಬೇಕು. ಈ ಸೀಮೆಯ ತೋಟಗಳಲ್ಲಿ ಕೊಯ್ಯುವ ಕೈಗಳು ಬಹಳಷ್ಟು ಪೇಠ, ಸುರಗಾಣಾ ತಾಲೂಕಿನ ಆದಿವಾಸಿಗಳವು. ಅಲ್ಲಿ ಮಳೆ ಧಾರಾಕಾರ, ಮಳೆ ನಿಂತ ಮೇಲೆ ಹೊಲದಲ್ಲಿ ಕೆಲಸವಿಲ್ಲ, ಹಾಗಾಗಿ ದಿಂಡೋರಿ, ನಿಫಾಡದ ದ್ರಾಕ್ಷಿಗೆ ಇಳಿದು ಬರುತ್ತಾರೆ. 2018ರ ಮಾರ್ಚಿನಲ್ಲಿ ನಾಸಿಕದಿಂದ ಮುಂಬಯಿಗೆ ಕಾಲ್ನಡಿಗೆಯಲ್ಲಿ ಹೋದ ರೈತರ ಮೆರವಣಿಗೆ ನೆನಪಿದೆಯಲ್ಲ, ಒಡೆದ ಪಾದಗಳ ಫೋಟೋ ಪತ್ರಿಕೆಗಳಲ್ಲಿ ಬಂದಿತ್ತು. ಅದರಲ್ಲಿ ಈ ತಾಲೂಕುಗಳ ಜನ ಬಹಳ ಇದ್ದರು. ಅವರೂ ಮನೆ ಬಿಟ್ಟು ಬಂದವರೇ. ನಾವು ನಮ್ಮ ವಲಸೆಯ ಬಗ್ಗೆ ಪುಸ್ತಕ ಬರೀತೀವಿ, ಅವರು ಮಾರ್ಚ್ ಮುಗಿದ ಮೇಲೆ ಊರಿಗೆ ಹೋಗುತ್ತಾರೆ.

ಭಾನುವಾರ ಬೆಳಿಗ್ಗೆ ನಾಂದೂರ ಮಧ್ಮೇಶ್ವರಕ್ಕೆ ಹೋಗಿ. ವಿಂಚೂರಿನ ವೈನ್ ಪಾರ್ಕೂ ಆ ಕಡೆಗೇ. ಬ್ರಿಟಿಷರ ಆ ಹಳೆಯ ಒಡ್ಡಿನ ಹಿಂದೆ ನೂರು ವರ್ಷದ ಹೂಳು ತುಂಬಿ, ನೀರಾವರಿಗೆ ನಷ್ಟವಾದದ್ದು ಹಕ್ಕಿಗಳಿಗೆ ಲಾಭವಾಯಿತು. ಆಳವಿಲ್ಲದ ನೀರು, ಕೆಸರು, ಜೊಂಡು. ಚಳಿಗಾಲದಲ್ಲಿ ಉತ್ತರದಿಂದ ಬಾತುಗಳು ಬಂದಿಳಿಯುತ್ತವೆ. 2020ರಲ್ಲಿ ಇದಕ್ಕೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಮಹಾರಾಷ್ಟ್ರಕ್ಕೆ ಅದು ಮೊದಲನೆಯದು. ಫೆಬ್ರವರಿಯಲ್ಲಿ ಹೋದವರಿಗೆ ಹಕ್ಕಿಗಳೂ ಸಿಗುತ್ತವೆ, ಮಾರ್ಚ್ ಕಳೆದರೆ ಹೊರಟುಹೋಗಿರುತ್ತವೆ. ದುರ್ಬೀನು ಇದ್ದರೆ ಒಯ್ಯಿರಿ. ಕೊಂಡ ಬಾಟಲಿಗಳನ್ನು ಮಾತ್ರ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ, ಹೋಟೆಲಿನಿಂದ ಹೊರಡುವಾಗ ಒದ್ದೆ ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಿ. ಸಿನ್ನರ್ ದಾಟುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ.