ಕಿಟಕಿಯ ಮೇಲೊಬ್ಬ ಬಡಗಿಯ ಹೆಸರು



ಇತಿಹಾಸದ ತರಗತಿಯಲ್ಲಿ ನಾನು ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: ‘ಇದನ್ನು ಕಟ್ಟಿಸಿದವರು ಯಾರು?’ ರಾಜನ ಹೆಸರು ಬರೆದರೆ ಒಂದು ಅಂಕ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಕಟ್ಟಿಸಿದವರು ಸರಿ ಸಾರ್, ಕಟ್ಟಿದವರು ಯಾರು?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನು ಅವನನ್ನು ಗದರಿಸಿ ಕೂರಿಸಿದೆ. ಆ ಪ್ರಶ್ನೆ ಬಹುಕಾಲದ ನಂತರ ದೂರದ ಊರೊಂದರಲ್ಲಿ ನನ್ನೆದುರು ಬಂದು ನಿಂತಿತು.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಚೆಷೈರ್ ಪ್ರಾಂತ್ಯದ ‘ಲಿಟಲ್ ಮೋರ್ಟನ್ ಹಾಲ್’ ನೋಡುವ ಅವಕಾಶ ಒದಗಿತು. ಹಳ್ಳಿಗಾಡಿನ ಭೂಒಡೆಯರ ಇಂತಹ ಮನೆಗಳನ್ನು ಅಲ್ಲಿ ‘ಮ್ಯಾನರ್ ಹೌಸ್’ ಎನ್ನುತ್ತಾರೆ. ಸುತ್ತಲೂ ನೀರು ತುಂಬಿದ ಕಂದಕ. ನಡುವೆ ಕಲ್ಲು ಹಾಸಿದ ಪುಟ್ಟ ಅಂಗಳ. ಅಂಗಳದ ಸುತ್ತ ಕಪ್ಪು ಮರ, ಬಿಳಿ ಗಾರೆಯ ಗೋಡೆಗಳು. ಮೋರ್ಟನ್ ಮನೆತನದವರು ಇದನ್ನು ಸುಮಾರು 1504ರಿಂದ 1610ರವರೆಗೆ, ತಲೆಮಾರಿನಿಂದ ತಲೆಮಾರಿಗೆ, ಕಂತುಕಂತಾಗಿ ಬೆಳೆಸಿದರು.

ಈ ಮನೆಯ ಭಾರವನ್ನೆಲ್ಲ ಹೊತ್ತಿರುವುದು ಓಕ್ ಮರದ ಚೌಕಟ್ಟು. ಅಂದಿನ ಬಡಗಿಗಳು ತೊಲೆ, ಕಂಬಗಳನ್ನು ನೆಲದ ಮೇಲೆಯೇ ಅಳೆದು ಕೊಯ್ದು, ಯಾವುದಕ್ಕೆ ಯಾವುದು ಎಂದು ಗುರುತು ಕೆತ್ತಿ, ಅನಂತರ ಎತ್ತಿ ನಿಲ್ಲಿಸುತ್ತಿದ್ದರು. ಒಂದರ ತುದಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ, ಮರದ ಗೂಟ ಬಡಿದರೆ ಬೆಸುಗೆ ಮುಗಿಯಿತು. ಚೌಕಟ್ಟಿನ ನಡುವಣ ತೆರವುಗಳಲ್ಲಿ ಕಡ್ಡಿಗಳನ್ನು ಹೆಣೆದು ಮಣ್ಣು ಮೆತ್ತುತ್ತಿದ್ದರು. ಗೋಡೆ ಇಲ್ಲಿ ಬರಿಯ ಮರೆ.

ಅಂಗಳದಲ್ಲಿ ಮುಂದಕ್ಕೆ ಚಾಚಿಕೊಂಡಿರುವ ಎರಡು ಅಂತಸ್ತಿನ ಕಿಟಕಿಗಳಿವೆ. ಅವುಗಳ ಮೇಲೆ ಅಕ್ಷರಗಳನ್ನು ಕೆತ್ತಲಾಗಿದೆ. ದೇವರ ಸ್ಮರಣೆಯ ಬಳಿಕ, 1559ರಲ್ಲಿ ಇದನ್ನು ಮಾಡಿಸಿದ ವಿಲಿಯಂ ಮೋರ್ಟನ್ನನ ಹೆಸರು. ಅದರ ಜೊತೆಗೇ, ಮಾಡಿದ ಬಡಗಿ ರಿಚರ್ಡ್ ಡೇಲನ ಹೆಸರು! ಮಾಡಿಸಿದವನೂ ಮಾಡಿದವನೂ ಒಂದೇ ಮರದ ಮೇಲೆ. ಅದನ್ನು ನೋಡಿದಾಗ ನನಗೆ ಆ ಹುಡುಗನ ಮುಖ ನೆನಪಾಯಿತು.

ಮನೆಯ ದಕ್ಷಿಣ ಭಾಗದ ನೆತ್ತಿಯ ಮೇಲೆ ಉದ್ದನೆಯ ಪಡಸಾಲೆಯೊಂದಿದೆ. ಅದು ಮೊದಲ ಯೋಜನೆಯಲ್ಲಿರದೆ ಅನಂತರ ಸೇರಿದ್ದೆಂದು ವಿದ್ವಾಂಸರು ಊಹಿಸುತ್ತಾರೆ. ಅದರ ತುದಿಗೋಡೆಗಳ ಗಾರೆಚಿತ್ರಗಳು ರಾಬರ್ಟ್ ರೆಕಾರ್ಡ್ ಎಂಬ ವಿದ್ವಾಂಸನು 1556ರಲ್ಲಿ ಪ್ರಕಟಿಸಿದ ಖಗೋಳ ಗ್ರಂಥವೊಂದರ ಚಿತ್ರವನ್ನು ಅನುಸರಿಸಿವೆ. ಗಣಿತದ ಸಮಚಿಹ್ನೆಯನ್ನು ಮರುವರ್ಷ ಬಳಕೆಗೆ ತಂದವನೂ ಇವನೇ. ಪಡಸಾಲೆಯ ಛಾವಣಿಗೆ ಹೊದಿಸಿರುವುದು ಭಾರದ ಕಲ್ಲುಚಪ್ಪಡಿ. ಆ ಹೊರೆಗೆ ಕೆಳಗಿನ ಮರಗಳು ಬಾಗಿದವು. ನೆಲ ಅಲೆಯಂತೆ ಏರಿಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಬ್ಬಿಣದ ಸರಳುಗಳಿಂದ ಬಿಗಿಯಬೇಕಾಯಿತು. ಆದರೂ ಬಾಗಿದ ಮರ ಮುರಿಯಲಿಲ್ಲ.

1640ರ ದಶಕದ ಅಂತರ್ಯುದ್ಧದಲ್ಲಿ ಮೋರ್ಟನ್ನರು ದೊರೆಯ ಪಕ್ಷ ಹಿಡಿದರು. ಎದುರು ಪಕ್ಷದ ಸೈನಿಕರು ಮನೆಯನ್ನು ವಶಪಡಿಸಿಕೊಂಡರು. ಸಾಲ ಬೆಳೆಯಿತು, ಮುಂದೆ ಮನೆ ಗೇಣಿ ರೈತರ ಪಾಲಾಯಿತು. ಉಳಿದ ಸಿರಿವಂತರು ಹಳೆಯ ಮನೆಗಳನ್ನು ಕೆಡವಿ ಹೊಸ ಶೈಲಿಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದಾಗ ಇವರ ಬಳಿ ಹಣವಿರಲಿಲ್ಲ. ಬಡತನವೇ ಡೇಲನ ಕಿಟಕಿಯನ್ನು ಕಾಪಾಡಿತೆನ್ನಬೇಕು! 1938ರಲ್ಲಿ ಮನೆ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು.

ಅಂದು ಆ ಹುಡುಗನಿಗೆ ಹೇಳಲು ನನ್ನ ಬಳಿ ಉತ್ತರವಿಲ್ಲದಿರಲಿಲ್ಲ. ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೆತ್ತಿಟ್ಟು ಹೋಗಿದ್ದಾರೆ. ಡೇಲನಿಗಿಂತ ಶತಮಾನಗಳಷ್ಟು ಹಿಂದಿನವರು ಅವರು. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಅಲ್ಲಿಗೇ ಕರೆದೊಯ್ದಿದ್ದವನು ನಾನು. ಆ ಹೆಸರುಗಳನ್ನು ತೋರಿಸಲಿಲ್ಲ.

ಮಗೂ, ನೀನು ಇದನ್ನು ಓದುತ್ತಿದ್ದರೆ ತಿಳಿದುಕೋ: ನಿನ್ನ ಪ್ರಶ್ನೆಯೇ ಸರಿಯಾಗಿತ್ತು. ಕೊಡದೆ ಉಳಿಸಿಕೊಂಡ ಆ ಒಂದು ಅಂಕ ನಿನ್ನದು.