ಹಳೆಯ ಲೋಹಶೋಧಕ ಯಂತ್ರವನ್ನು ಕೊಳ್ಳುವ ಮುನ್ನ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಹೊಲವೊಂದರಲ್ಲಿ, 2009ರ ಜುಲೈ ತಿಂಗಳಲ್ಲಿ, ಟೆರ್ರಿ ಹರ್ಬರ್ಟ್ ಎಂಬ ಹವ್ಯಾಸಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ನಿಧಿ ದೊರೆಯಿತು. ಅದರಲ್ಲಿ ಸುಮಾರು 4 ಕಿಲೋ ಚಿನ್ನವಿತ್ತು. ಅದಕ್ಕೆ ಕಟ್ಟಿದ 32.85 ಲಕ್ಷ ಪೌಂಡ್ ಬೆಲೆ ಆತನಿಗೂ ಹೊಲದೊಡೆಯನಿಗೂ ಸಮಪಾಲಾಯಿತು. ಆತನ ಕೈಯಲ್ಲಿದ್ದ ಯಂತ್ರ 14 ವರ್ಷ ಹಳೆಯದೆಂದು ಪತ್ರಿಕೆಗಳು ಬರೆದವು. ಇದನ್ನು ಓದಿದವರು ಹಳೆಯ ಯಂತ್ರವೇ ಸಾಕೆನ್ನುವುದುಂಟು. ಮಾತು ಅರ್ಧ ನಿಜ. ಅಲ್ಲಿ ಚಿನ್ನವನ್ನು ಮೇಲ್ಪದರಕ್ಕೆ ತಂದಿದ್ದುದು ನೇಗಿಲು.

ಸಾಮಾನ್ಯ ಯಂತ್ರಕ್ಕೆ ಒಂದು ನಾಣ್ಯ ಕೇಳಿಸುವುದು ಹೆಚ್ಚೆಂದರೆ ಒಂದು ಗೇಣಿನ ಆಳದವರೆಗೆ. ಅದರ ತಟ್ಟೆಯೊಳಗೆ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಕಾಂತಕ್ಷೇತ್ರವನ್ನು ನೆಲಕ್ಕೆ ಕಳುಹಿಸುತ್ತದೆ; ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್ತಿನ ಪ್ರತಿಧ್ವನಿಯನ್ನು ಇನ್ನೊಂದು ಗ್ರಹಿಸುತ್ತದೆ. ಕಬ್ಬಿಣ, ಬೆಳ್ಳಿಗಳ ಸ್ವರ ಬೇರೆ ಬೇರೆ. ಆದರೆ ಚಿನ್ನದ ಸಣ್ಣ ಉಂಗುರಕ್ಕೂ ಅಲ್ಯೂಮಿನಿಯಂ ಚೂರಿಗೂ ಸ್ವರ ಹೆಚ್ಚುಕಡಿಮೆ ಒಂದೇ. ಬ್ಯಾಂಕಿನಲ್ಲಿ ಒಡವೆ ಪರೀಕ್ಷಿಸುವ ಅಕ್ಕಸಾಲಿಗನ ಒರೆಗಲ್ಲಿನ ಕೆಲಸವನ್ನು ಈ ಯಂತ್ರ ಮಾಡಲಾರದು.

ವಿದೇಶದಲ್ಲಿ ನೆಲೆಸಿದ ಮಕ್ಕಳು ಈ ಹವ್ಯಾಸಕ್ಕಾಗಿ ಹಳೆಯದನ್ನು ಕೊಳ್ಳುವುದಾದರೆ, ಮೊದಲು ಬ್ಯಾಟರಿಯ ಗೂಡನ್ನು ತೆರೆದು ನೋಡಲಿ. ಸೆಲ್ಲು ಸೋರಿ ಹಸಿರುಗಟ್ಟಿದ್ದರೆ ಒಳಗಿನ ಮಂಡಲವೂ ಕೆಟ್ಟಿರುವ ಸಂಭವವುಂಟು. ಬಳಿಕ ತಟ್ಟೆಯನ್ನು ನೆಲದಿಂದ ದೂರ ಹಿಡಿದು ತಂತಿಯನ್ನು ಅಲುಗಿಸಬೇಕು. ಲೋಹವಿಲ್ಲದೆಯೇ ಚೀರಿದರೆ ತಂತಿ ಮುರಿದಿರಬಹುದು. ಒಂದು ಮೊಳೆ, ಒಂದು ಬೆಳ್ಳಿ ನಾಣ್ಯ, ಒಂದು ಅಲ್ಯೂಮಿನಿಯಂ ಚೂರು ಜೇಬಿನಲ್ಲಿದ್ದರೆ ಪರೀಕ್ಷೆ ಅಲ್ಲಿಯೇ ಮುಗಿಯುತ್ತದೆ. ದುರಸ್ತಿಯ ಪ್ರಶ್ನೆಯೂ ಇದೆ: ಹೆಸರಾಂತ ವೈಟ್ಸ್ ಇಲೆಕ್ಟ್ರಾನಿಕ್ಸ್ ಸಂಸ್ಥೆ 2020ರಲ್ಲಿಯೇ ಬಾಗಿಲು ಮುಚ್ಚಿದೆ. ಒಂದೇ ಆವರ್ತನದ ಹಳೆಯ ಯಂತ್ರಗಳು ಕಡಲ ತೀರದ ಒದ್ದೆ ಮರಳಿನಲ್ಲಿ ಸುಳ್ಳು ಸದ್ದು ಮಾಡುತ್ತವೆ. ಕಬ್ಬಿಣದ ಅಂಶ ತುಂಬಿದ ನಮ್ಮ ಕರಾವಳಿಯ ಮುರಕಲ್ಲಿನ ನೆಲವೂ ಅವುಗಳಿಗೆ ಕಷ್ಟವೇ.

ಇಂಗ್ಲೆಂಡಿನಲ್ಲಿ 1996ರ ಕಾಯಿದೆಯಂತೆ, ನಿಧಿ ಸಿಕ್ಕರೆ 14 ದಿನಗಳೊಳಗೆ ಕಾರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ರಜೆಗೆ ಬರುವ ಮಗನೊಡನೆ ಆ ಯಂತ್ರವೂ ಊರಿಗೆ ಬಂದರೆ ಮಾತು ಬೇರೆ. ಕೊಪ್ಪರಿಗೆ ಹೊನ್ನಿನ ಕಥೆ ನಮ್ಮ ಯಾವ ಹಳೆಯ ಮನೆತನಕ್ಕೆ ಹೊಸದು? ಆದರೆ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಸ್ವಂತ ತೋಟದಲ್ಲಿ ದೊರೆತ ನಿಧಿಗೂ ಕಾಯಿದೆಯ ಕಟ್ಟುಪಾಡುಂಟು; 1878ರ ಭಾರತೀಯ ನಿಧಿ ಕಾಯಿದೆಯ ನಿಯಮಗಳು ಹೀಗಿವೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ದೊರೆತರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. (ಅಂದಿನ ಹತ್ತು ರೂಪಾಯಿ ಈ ಕಾಯಿದೆಯಲ್ಲಿ ಇಂದಿಗೂ ಹತ್ತೇ ರೂಪಾಯಿ!) ನಿಧಿಗೆ ವಾರಸುದಾರರಿಲ್ಲವೆಂದು ತೀರ್ಮಾನವಾಗಿ, ಭೂಮಿ ಬೇರೆಯವರದಾಗಿದ್ದರೆ, ಮುಂಚಿನ ಒಪ್ಪಂದವಿಲ್ಲದಿರುವಾಗ ಶೋಧಿಸಿದವನಿಗೆ ಮುಕ್ಕಾಲು, ಭೂಮಾಲಿಕನಿಗೆ ಕಾಲು ಪಾಲು. ಸರಕಾರ ತಾನೇ ಪಡೆಯಬಯಸಿದರೆ ಲೋಹದ ಬೆಲೆಯ ಮೇಲೆ ಅದರ ಐದನೆಯ ಒಂದಂಶವನ್ನು ಸೇರಿಸಿ ಕೊಡಬೇಕು. ತಿಳಿಸದೆ ಅಡಗಿಸಿದವನ ಪಾಲು ಸರಕಾರಕ್ಕೆ ಸೇರುತ್ತದೆ. ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ವಿಧಿಸಬಹುದು.